ಮೊಹರು ಬಿದ್ದ ಪುಟ

ಜನವರಿ 12

ಮಾವ,

ಕ್ಷೇಮಸಮಾಚಾರ ಮೊದಲು ಬರೆಯಬೇಕು ಅನ್ನುವುದು ನಿಮ್ಮ ಕಟ್ಟಪ್ಪಣೆ, ಬರೆದುಬಿಡುತ್ತೇನೆ: ಚೆನ್ನಾಗಿದ್ದೇನೆ, ಹೊಟ್ಟೆತುಂಬ ತಿನ್ನುತ್ತಿದ್ದೇನೆ, ಚಳಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೇನೆ. ಇನ್ನು ನನ್ನ ಮಾತು.

ವಿನಿಮಯ ಕಾರ್ಯಕ್ರಮದಲ್ಲಿ ಬಂದ ಆರು ಜನರಲ್ಲಿ ಐವರು ಆಸ್ಪತ್ರೆಯ ವಾರ್ಡುಗಳಿಗೆ ಹೋದರು. ಕೃತಕ ಕಾಲು ಮಾಡುವ ಈ ಕಾರ್ಯಾಗಾರಕ್ಕೆ ಬಂದವಳು ನಾನೊಬ್ಬಳೇ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಪ್ಲಾಸ್ಟರಿನ ಅಚ್ಚುಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ನಂಬರು. ಬೆಳಗಿನಿಂದ ಸಂಜೆಯವರೆಗೆ ಅರ ಹಿಡಿದು ಉಜ್ಜುವುದೇ ಕೆಲಸ, ಮೂಗಿನೊಳಗೂ ಬಿಳಿ ಪುಡಿ. ಮುಖ್ಯಸ್ಥೆಯನ್ನು ನಾನು ಮನಸ್ಸಿನಲ್ಲೇ ಮೇಸ್ತ್ರಿ ಅಂತ ಕರೆಯುತ್ತೇನೆ. ಆಕೆ ಹೊಗಳುವುದಿಲ್ಲ, ಬಯ್ಯುವುದೂ ಇಲ್ಲ. ಕೆಲಸ ಕೆಟ್ಟಿದ್ದರೆ ಅದನ್ನು ನನ್ನ ಕಡೆಗೆ ತಿರುಗಿಸಿಟ್ಟು ಹೋಗುತ್ತಾರೆ. ಹೋದ ವಾರ ತಿರುಗಿಸದೆ ಹೋದರು, ಅರ್ಧ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ನನ್ನ ಪಾಲಿಗೆ ಬಂದಿರುವವಳು ಕ್ರೇನ್ ನಡೆಸುವ ಹೆಂಗಸು. ಎಡಗಾಲು ಮೊಣಕಾಲಿನಿಂದ ಕೆಳಗಿಲ್ಲ. "ನಡೆಯೋದು ಆಮೇಲೆ ನೋಡೋಣ, ನಂಗೆ ಏಣಿ ಹತ್ತೋ ಕಾಲು ಬೇಕು" ಅಂದಳು. ನಲವತ್ತು ಮೆಟ್ಟಿಲಂತೆ. ಮುಂದಿನ ವರ್ಷದ ಮೇ ತನಕ ನನಗೆ ಸಮಯವಿದೆ, ಅವಳನ್ನು ಹತ್ತಿಸಿಯೇ ಬರುತ್ತೇನೆ. ಪೂರ್ತಿ ಹದಿನೆಂಟು ತಿಂಗಳು ಮುಗಿಸಿದರೆ ಪ್ರಮಾಣಪತ್ರ, ಅದು ಕೈಗೆ ಬಂದರೆ ನಮ್ಮಲ್ಲಿ ನಾನೇ ಒಂದು ಕಾರ್ಯಾಗಾರ ನಡೆಸಬಹುದು. ಇಲ್ಲದಿದ್ದರೆ ಜೀವಮಾನವಿಡೀ ಇನ್ನೊಬ್ಬರ ಕೈಕೆಳಗೆ ಉಜ್ಜುತ್ತಿರಬೇಕು.

ನೀವು ಕೇಳಿದ ವೀಸಾ ಪುಟದ ನಕಲು ಇದರ ಜೊತೆಗಿದೆ. ಅದರಲ್ಲಿರುವುದು ನನಗೆ ಅರ್ಧ ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ಕಾಗದ ಓದುವುದು ನಿಮ್ಮ ಇಲಾಖೆ ತಾನೆ?

ನಿಮ್ಮ ಅಳಿಲು


ಫೆಬ್ರವರಿ 2

ಅಳಿಲೇ,

ನಿನ್ನ ಕಾಗದವನ್ನು ನಿಮ್ಮಮ್ಮ ಕನ್ನಡಕದ ಅಂಗಡಿಗೂ ತೆಗೆದುಕೊಂಡು ಹೋಗಿ, ಗಾಜು ಉಜ್ಜುವ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡು ಓದಿದಳು. ತಾಯಿ ಮಗಳು ಇಬ್ಬರದೂ ಉಜ್ಜುವ ಕಸುಬೇ ಆಯಿತು. ನಾನು ಕಾಗದವನ್ನು ಒಂದು ಸಲ ಓದಿದೆ, ನಕಲನ್ನು ಹನ್ನೊಂದು ಸಲ.

ಎದೆ ಗಟ್ಟಿ ಮಾಡಿಕೊಂಡು ಕೇಳು. ಸದರಿ ವೀಸಾದ ಮುಕ್ತಾಯ ದಿನಾಂಕ ಈ ಏಪ್ರಿಲ್ 30. ಮುಂದಿನ ವರ್ಷದ ಮೇ ಎಂದಿರುವುದು ಕಾರ್ಯಕ್ರಮದವರು ಕೊಟ್ಟ ಪತ್ರದಲ್ಲಿ. ಅದು ಬರೀ ಬಿಳಿ ಕಾಗದ. ನಲವತ್ತು ವರ್ಷ ನೋಂದಣಿ ಕಚೇರಿಯ ಜಗುಲಿಯಲ್ಲಿ ಕೂತು ಕ್ರಯಪತ್ರ, ಬಾಡಿಗೆ ಕರಾರು ಬರೆದವನು ನಾನು. ಎರಡು ಕಾಗದ ಎರಡು ಮಾತು ಹೇಳಿದರೆ ಮೊಹರು ಬಿದ್ದ ಕಾಗದದ ಮಾತೇ ನಡೆಯುತ್ತದೆ, ಬಿಳಿ ಕಾಗದವನ್ನು ಯಾವ ಸಾಹೇಬನೂ ಮೂಸಿ ನೋಡುವುದಿಲ್ಲ. ವೀಸಾದ ಮೇಲೆ ಮೊಹರಿದೆ, ಹೊಳೆಯುವ ಅಂಟುಚೀಟಿ ಇದೆ. ಇನ್ನು ಅನುಮಾನಕ್ಕೆ ಜಾಗವಿಲ್ಲ. ಹದಿನೆಂಟರಲ್ಲಿ ನಿನ್ನ ಪಾಲಿಗೆ ಬಂದದ್ದು ಆರೇ ತಿಂಗಳು, ಅದರಲ್ಲಿ ಉಳಿದಿರುವುದು ಮೂರು.

ಒಂದು ಎಚ್ಚರಿಕೆ. ಅಲ್ಲಿ ಯಾರನ್ನೂ ಕೇಳಲು ಹೋಗಬೇಡ. ಕೌಂಟರಿಗೆ ಹೋಗಿ ಪ್ರಶ್ನೆ ಕೇಳಿದವನ ಹೆಸರಿನಲ್ಲಿ ಕಡತ ಏಳುತ್ತದೆ, ಎದ್ದ ಕಡತ ಮತ್ತೆ ಮಲಗುವುದಿಲ್ಲ. ನನ್ನ ಜಗುಲಿಗೆ ಬಂದವರಿಗೆಲ್ಲ ನಾನು ಕಲಿಸಿದ ಮೊದಲ ಪಾಠ ಇದು.

ಇತಿ, ಮಾವ


ಫೆಬ್ರವರಿ 20

ಮಾವ,

ನಿಮ್ಮ ಕಾಗದ ಬಂದ ದಿನದಿಂದ ಗುರುತು ದಾಟಿ ಉಜ್ಜಿಬಿಡುತ್ತಿದ್ದೇನೆ. ಮೇಸ್ತ್ರಿ ಎರಡು ಸಲ ಕೆಲಸ ತಿರುಗಿಸಿಟ್ಟು ಹೋದರು.

ಹೊರಗಿನಿಂದ ಬಂದ ನಮ್ಮಂಥವರ ಕಾಗದ ನೋಡಿಕೊಳ್ಳಲೆಂದೇ ಇಲ್ಲಿ ಒಬ್ಬ ಹೆಂಗಸಿದ್ದಾರೆ, ಮೂರನೇ ಮಹಡಿಯಲ್ಲಿ ಅವರ ಕೋಣೆ. ಏನೇ ಅನುಮಾನವಿದ್ದರೂ ಬಾ ಅಂತ ಬಂದ ಮೊದಲ ದಿನವೇ ಹೇಳಿದ್ದರು. ನಿನ್ನೆ ಅವರ ಬಾಗಿಲವರೆಗೂ ಹೋಗಿ ನಿಮ್ಮ ಮಾತು ನೆನಪಾಗಿ ವಾಪಸು ಬಂದೆ. ಒಂದೇ ಒಂದು ಸಲ ಕೇಳಲಾ ಮಾವ? ನನ್ನ ಹೆಸರು ಹೇಳದೆ, ಗೆಳತಿಯ ವಿಷಯ ಅನ್ನುವ ಹಾಗೆ? ನನ್ನ ಜೊತೆ ಬಂದವರ ಮುಖದಲ್ಲಿ ಯಾವ ಚಿಂತೆಯೂ ಕಾಣುವುದಿಲ್ಲ.

ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಅಪ್ಪ ತೀರಿಕೊಂಡ ವರ್ಷ ಮನೆ ಉಳಿದದ್ದು ನೀವು ಕರಾರಿನಲ್ಲಿ ಹುಡುಕಿದ ಒಂದು ಸಾಲಿನಿಂದ, ಅದನ್ನು ಮರೆಯುವವಳಲ್ಲ ನಾನು. ಅಚ್ಚು ಈಗ ತಾನೇ ಅವಳ ಕಾಲಿಗೆ ಕೂರುತ್ತಿದೆ, ಅದಕ್ಕೆ ಕೇಳಿದೆ.

ಅಳಿಲು


ಮಾರ್ಚ್ 8

ಅಳಿಲೇ,

ಗೆಳತಿಯ ವಿಷಯವಂತೆ! ಆ ಉಪಾಯ ನನ್ನ ಜಗುಲಿಗೆ ಬಂದವರಲ್ಲಿ ಅರ್ಧ ಜನ ಹೂಡುತ್ತಿದ್ದರು. ಗುಮಾಸ್ತರು ಕಿವಿಯಲ್ಲಿ ಹೂ ಇಟ್ಟುಕೊಂಡು ಕೂತಿರುವುದಿಲ್ಲ.

ಬೇಡ. ಗಡುವು ಮೀರಿ ಇದ್ದವರನ್ನು ಹೊರದಬ್ಬುತ್ತಾರೆ, ಪಾಸ್‌ಪೋರ್ಟಿಗೆ ಕಪ್ಪು ಗುರುತು ಬೀಳುತ್ತದೆ. ದಬ್ಬಿಸಿಕೊಂಡು ಬರುವುದಕ್ಕಿಂತ ತಲೆ ಎತ್ತಿಕೊಂಡು ಬಾ. ಏಪ್ರಿಲ್ ಮೂವತ್ತರೊಳಗೆ ಹೊರಡು. ಇಷ್ಟು ದೊಡ್ಡ ಸಂಸ್ಥೆಯವರ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿತ್ತು ಅಂತ ಇಲ್ಲಿ ತಂತಿ ಆಫೀಸಿನ ಗುಮಾಸ್ತ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ನಾನು ಅವನೊಬ್ಬನಿಗೆ ಮಾತ್ರ ಹೇಳಿದ್ದೆ. ನಿನ್ನೆ ಇಬ್ಬರು ತಮ್ಮ ಕಾಗದ ಓದಿಸಲು ಬಂದಿದ್ದರು. ನಿವೃತ್ತನಾದವನಿಗೆ ಬಿಡುವೇ ಇಲ್ಲ, ನೋಡು.

ಮಾವ


ಮಾರ್ಚ್ 29

ಮಾವ,

ನೀವು ಹೇಳಿದ ಹಾಗೇ ಮಾಡಿದ್ದೇನೆ. ಏಪ್ರಿಲ್ 24ಕ್ಕೆ ವಿಮಾನ.

ಯಾರನ್ನೂ ಕೇಳಬಾರದು ಅಂದಮೇಲೆ ಬಿಟ್ಟುಹೋಗಲು ಒಂದು ಕಾರಣ ಹೇಳಲೇಬೇಕಾಯಿತು. ಅಮ್ಮನಿಗೆ ತುಂಬ ಕಾಯಿಲೆ, ನೋಡಿಕೊಳ್ಳುವವರಿಲ್ಲ, ಕಾರ್ಯಕ್ರಮ ಬಿಡುತ್ತೇನೆ ಅಂತ ಬರೆದುಕೊಟ್ಟೆ. ಬೇರೆ ಸುಳ್ಳು ತಕ್ಷಣಕ್ಕೆ ಹೊಳೆಯಲಿಲ್ಲ. ಮೇಸ್ತ್ರಿ ಓದಿದರು. ಎಂದೂ ಯಾರನ್ನೂ ಮುಟ್ಟಿ ಮಾತಾಡಿಸದವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಮಾರನೆಯ ದಿನ ಎಲ್ಲರೂ ಸೇರಿ ಅಮ್ಮನಿಗೆಂದು ಉಣ್ಣೆಯ ಶಾಲು ತಂದುಕೊಟ್ಟರು, ಆಸ್ಪತ್ರೆಯಲ್ಲಿ ಚಳಿಯಾಗಬಾರದಲ್ಲ ಅಂತ. ಕ್ರೇನ್ ನಡೆಸುವವಳು ಊರುಗೋಲು ಹಿಡಿದು ಬಂದು, ತನ್ನ ತಾಯಿಯೂ ಹೀಗೇ ಮಲಗಿದ್ದಳು, ಹೋಗು, ನನ್ನ ಕಾಲು ಯಾರಾದರೂ ಮಾಡಿಯಾರು ಅಂದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಮಾವ. ನಾಚಿಕೆಯಿಂದ ನಾಲ್ಕು ದಿನ ಊಟದ ಕೋಣೆಗೆ ಹೋಗಿಲ್ಲ.

ಈ ಸುಳ್ಳಿನ ವಿಷಯ ಅಮ್ಮನ ಕಿವಿಗೆ ಮಾತ್ರ ಹಾಕಬೇಡಿ.

ಅಳಿಲು


ಏಪ್ರಿಲ್ 11

ಅಳಿಲೇ,

ನಿನ್ನ ಕಾಗದ ಬಂತು. ಇಲ್ಲಿ ಸೆಕೆ. ಮೊಣಕಾಲು ನೋವು ಹಾಗೇ ಇದೆ, ವೈದ್ಯರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆ. ಮನೆಯ ಮುಂದಿನ ಚರಂಡಿಗೆ ಹೊಸ ಚಪ್ಪಡಿ ಹಾಕಿದರು, ಅದೂ ಅಲ್ಲಾಡುತ್ತದೆ.

ವಿಮಾನದ ದಿನಾಂಕವನ್ನು ಬದಲಾಯಿಸಬಹುದು ಅಂತ ಯಾರೋ ಹೇಳುತ್ತಿದ್ದರು. ಅವರಾಗಿಯೇ ಇರು ಅಂದರೆ ಹಟ ಮಾಡಬೇಡ. ಹಾಗಂತ ನೀನಾಗಿ ಏನೂ ಮಾಡಬೇಡ. ನಿನ್ನ ವಿವೇಚನೆ.

ಮಾವ


ಏಪ್ರಿಲ್ 24

ಮಾವ,

ಕಾರ್ಡಿನಲ್ಲಿ ಜಾಗ ಕಡಿಮೆ. ಇರಲು ಅವಕಾಶ ಸಿಕ್ಕಿದೆ, ಬರುತ್ತಿಲ್ಲ. ಅಮ್ಮನಿಗೆ ಹೇಳಿ. ಕೆಲಸ ಬಹಳ, ಕಾಗದ ತಡವಾಗಬಹುದು.

ಅಳಿಲು


ಮೇ 9

ಅಳಿಲೇ,

ನಿನ್ನ ಕಾರ್ಡು ನೋಡಿ ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು. ನಾನೂ ಹೋದ ತಿಂಗಳಿಂದ ಆ ನಕಲನ್ನು ಇನ್ನೊಮ್ಮೆ ಪರಿಶೀಲಿಸಿ ಅದೇ ಅಭಿಪ್ರಾಯಕ್ಕೆ ಬರುತ್ತಿದ್ದೆ. ಏಪ್ರಿಲ್ ಹನ್ನೊಂದರ ಕಾಗದದಲ್ಲಿ ಸೂಚ್ಯವಾಗಿ ಬರೆದಿದ್ದೆನಲ್ಲ, ಅವರು ಇರು ಅಂದರೆ ಹಟ ಮಾಡಬೇಡ ಅಂತ? ಮಾವನ ಮಾತು ಕೊನೆಗೂ ಫಲಿಸಿತು. ತಂತಿ ಗುಮಾಸ್ತನಿಗೂ ಹಾಗೇ ಹೇಳಿದ್ದೇನೆ. ಇನ್ನು ಆ ಕ್ರೇನ್ ಹೆಂಗಸನ್ನು ಏಣಿ ಹತ್ತಿಸಿಯೇ ಬಾ.

ಮಾವ


ಸೆಪ್ಟೆಂಬರ್ 3

ಮಾವ,

ಲಕೋಟೆಯ ಮೇಲೆ ನಮ್ಮದೇ ಅಂಚೆಚೀಟಿ ಕಂಡು ನಿಮಗೆ ಅರ್ಧ ತಿಳಿದಿರುತ್ತದೆ. ನಾನು ಏಪ್ರಿಲ್ 24ರಂದೇ ಹೊರಟುಬಂದೆ. ಆ ಕಾರ್ಡನ್ನು ವಿಮಾನ ನಿಲ್ದಾಣದಲ್ಲಿ ಬರೆದು ಅಲ್ಲಿಯ ಡಬ್ಬಿಗೆ ಹಾಕಿದ್ದು. ನಾಲ್ಕು ತಿಂಗಳ ಮೇಲಾಯಿತು ಈ ನಗರಕ್ಕೆ ಬಂದು. ನಿಮ್ಮಿಂದ ಒಂದು ದಿನದ ಬಸ್ಸಿನ ದಾರಿ ಅಷ್ಟೆ. ಬಟ್ಟೆ ಒಗೆಯುವ ಅಂಗಡಿಯ ಮೇಲೊಂದು ಕೋಣೆ, ಆಸ್ಪತ್ರೆಯಲ್ಲಿ ಕೆಲಸ, ಇನ್ನೊಬ್ಬರು ಮಾಡಿದ ಅಚ್ಚನ್ನು ಉಜ್ಜುವುದು.

ಹೊರಡುವ ಎರಡು ದಿನ ಮುಂಚೆ ಗುರುತಿನ ಚೀಟಿ ವಾಪಸು ಕೊಡಲು ಮೂರನೇ ಮಹಡಿಗೆ ಹೋದೆ. ಕಾಗದ ನೋಡಿಕೊಳ್ಳುವ ಆ ಹೆಂಗಸು ನನ್ನ ಪಾಸ್‌ಪೋರ್ಟು ತಿರುವಿಹಾಕುತ್ತಾ, ಇನ್ನೂ ಒಂದು ವರ್ಷ ಇರಬಹುದಾಗಿತ್ತಲ್ಲ, ಎಂಥ ಅನ್ಯಾಯ ಅಂದರು. ನನಗೆ ತಡೆಯಲಾಗಲಿಲ್ಲ. ವೀಸಾ ಮುಗಿಯುತ್ತಲ್ಲ ಅಂದೆ. ಅವರು ನಕ್ಕು, ಇನ್ನೊಂದು ಪುಟಕ್ಕೆ ಪಿನ್ನು ಹಾಕಿದ್ದ ಸಣ್ಣ ಚೀಟಿ ತೋರಿಸಿದರು. ನಾನು ಬಂದಿಳಿದ ದಿನ ಕೊಟ್ಟಿದ್ದ ಚೀಟಿ, ನಿಮಗೆ ನಕಲು ಕಳಿಸಬೇಕೆಂದು ಹೊಳೆಯದೇ ಇದ್ದದ್ದು. ಕಾರ್ಯಕ್ರಮ ಮುಗಿಯುವವರೆಗೆ ಇರಬಹುದು ಅಂತ ಅದರ ಮೇಲಿತ್ತು. ವೀಸಾದ ತಾರೀಖು ಬಾಗಿಲಿಗೆ ಬಂದು ನಿಲ್ಲಲು ಕೊಟ್ಟ ಗಡುವು ಅಷ್ಟೆ, ಒಳಗೆ ಬಂದಮೇಲೆ ಅದು ಮುಗಿದರೂ ಚಿಂತೆಯಿಲ್ಲ, ಆದರೆ ಹೊರಗೆ ಹೋದರೆ ಮತ್ತೆ ಬರಲು ಹೊಸ ವೀಸಾ ಬೇಕು ಅಂದರು. ಆಮೇಲೆ ನನ್ನ ರಾಜೀನಾಮೆಯನ್ನು ಎತ್ತಿ ಹಿಡಿದು ಕೇಳಿದರು, "ನಿಮ್ಮಮ್ಮ ಸುಧಾರಿಸಿದ್ದರೆ ಹೇಳು, ಇದನ್ನ ಈಗಲೇ ಹರಿದುಹಾಕ್ತೀನಿ."

ಹೂಂ ಅಂದಿದ್ದರೆ ಆಗುತ್ತಿತ್ತು. ಆದರೆ ಆ ಶಾಲು ಕೊಟ್ಟವರ ಮುಂದೆ, ಮನೆಯಿಂದ ಸುದ್ದಿಯೇ ಬಾರದೆ ಅಮ್ಮ ಹುಷಾರಾದಳು ಅಂದರೆ ಕಾಯಿಲೆಯೇ ಸುಳ್ಳು ಅಂತ ಬಯಲಾಗುವುದಿಲ್ಲವೇ? ಇಲ್ಲ, ಅಮ್ಮನ ಸ್ಥಿತಿ ಚೆನ್ನಾಗಿಲ್ಲ ಅಂದೆ. ಮೊದಲ ಸುಳ್ಳು ವೀಸಾದ ನಿಜ ತಿಳಿಯದೆ ಹೇಳಿದ್ದು, ಎರಡನೆಯದು ತಿಳಿದೇ ಹೇಳಿದ್ದು. ಹೊರಡುವ ಹಿಂದಿನ ದಿನ ನಿಮ್ಮ ಕಾಗದ ಬಂತು. ಮೊಣಕಾಲು, ಚಪ್ಪಡಿ ಅಂತ ಓದಿ, ಪಾಪ, ಮಾವ ನಿಶ್ಚಿಂತೆಯಿಂದಿದ್ದಾರೆ, ಅವರಿಗೆ ಈ ತಪ್ಪು ತಿಳಿಯದೇ ಇರಲಿ ಅಂದುಕೊಂಡೆ.

ಮನೆಗೆ ಬರದೇ ಇದ್ದದ್ದಕ್ಕೆ ಕಾರಣ ಒಂದೇ. ಅಮ್ಮ ಗಟ್ಟಿಮುಟ್ಟಾಗಿ ಬಂದು ಬಾಗಿಲು ತೆಗೆಯುವುದನ್ನು ನೋಡುವ ಮುಖ ನನಗಿರಲಿಲ್ಲ. ಹೋದ ವಾರ ಮೇಸ್ತ್ರಿಯ ಕಾಗದ ಬಂತು, ಹಳೇ ಅನುಭವದ ಬಗ್ಗೆ ಇಲ್ಲಿಯ ಆಸ್ಪತ್ರೆ ವಿಚಾರಿಸಿದಾಗ ವಿಳಾಸ ಸಿಕ್ಕಿತಂತೆ. ತಾಯಿ ಹೇಗಿದ್ದಾರೆ ಅಂತ ಕೇಳಿದ್ದಾರೆ. ಅವರಿಗೆ ನಿಜ ಬರೆದು ಹಾಕಿದೆ. ಆಮೇಲೆ ನಿಮಗೂ ಬರೆಯುವ ಧೈರ್ಯ ಬಂತು. ನಿಮ್ಮದು ಕಣ್ತಪ್ಪು ಮಾವ, ನನ್ನದು ಅದಲ್ಲ. ಕ್ಷಮಿಸಿ.

ಅಳಿಲು


ಸೆಪ್ಟೆಂಬರ್ 10

ಅಳಿಲೇ,

ಮೇ ತಿಂಗಳ ನನ್ನ ಕಾಗದ ಜುಲೈನಲ್ಲಿ ವಾಪಸು ಬಂದಿತ್ತು, ವಿಳಾಸದಾರರು ಇಲ್ಲಿಲ್ಲ ಅಂತ. ಅದನ್ನು ಯಾರಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟೆ. ನಿಮ್ಮಮ್ಮ ದಿನಾ ಕಾಗದ ಬಂತಾ ಅಂತ ಕೇಳುತ್ತಿದ್ದಳು, ಅಂಚೆ ಕೆಟ್ಟುಹೋಗಿದೆ ಅನ್ನುತ್ತಿದ್ದೆ. ನೀನು ನನ್ನಲ್ಲಿ ಕ್ಷಮೆ ಕೇಳಿದ್ದೀಯ. ಅದನ್ನು ಓದಿದಮೇಲೆ ಮುಚ್ಚಿಡುವ ಯೋಗ್ಯತೆಯೂ ನನಗೆ ಉಳಿದಿಲ್ಲ.

ನನಗೆ ಏಪ್ರಿಲ್ ಒಂಬತ್ತರಂದೇ ಗೊತ್ತಾಗಿತ್ತು.

ಆ ಮಧ್ಯಾಹ್ನ ಹಳೇ ಜಗುಲಿಗೆ ಹೋಗಿ ಕೂತಿದ್ದಾಗ ಒಬ್ಬಳು ನರ್ಸು ಅಫಿಡವಿಟ್ಟು ಬರೆಸಲು ಬಂದಳು. ಮದುವೆಯಾದ ಮೇಲೆ ಹೆಸರು ಬದಲಾಗಿತ್ತು, ಹಳೇ ಹೆಸರಿಗೆ ಸಾಕ್ಷಿಯಾಗಿ ಹಳೇ ಪಾಸ್‌ಪೋರ್ಟು ತಂದಿದ್ದಳು. ತೆರೆದು ನೋಡಿದರೆ ನಿನ್ನದೇ ಬಗೆಯ ವೀಸಾ, ಅವಳೂ ವಿನಿಮಯದಲ್ಲಿ ಹೋದವಳು. ವೀಸಾದ ಅವಧಿ ಮೂರು ತಿಂಗಳು, ವಾಪಸು ಬಂದ ಮೊಹರು ಎರಡು ವರ್ಷದ ನಂತರದ್ದು. ಹಿಡಿದೆ ಅಂತ ಹಿಗ್ಗಿ, ಪಕ್ಕದಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, ನೀನು ಕಾನೂನು ಮೀರಿ ಉಳಿದಿದ್ದೆ ಅಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಅದೇ ಸಣ್ಣ ಚೀಟಿಯ ಮಾತು, ಅದೇ ಬಾಗಿಲಿನ ಮಾತು ಹೇಳಿ, ನನ್ನ ಕಿವಿ ಮಂದ ಅಂತ ಇನ್ನೊಮ್ಮೆ ಜೋರಾಗಿ ಹೇಳಿದಳು. ಕೂತವರೆಲ್ಲ ಕೇಳಿಸಿಕೊಂಡರು. ನಾನು ಅವಳ ಕೆಲಸ ಮುಗಿಸಿ ಕೊಡೆ ಅಲ್ಲೇ ಮರೆತು ಮನೆಗೆ ಬಂದೆ.

ನೀನು ಹೊರಡಲು ಇನ್ನೂ ಹದಿನೈದು ದಿನವಿತ್ತು. ತಂತಿ ಒಂದು ದಿನದಲ್ಲಿ ಮುಟ್ಟುತ್ತಿತ್ತು. ಮರುದಿನವೇ ತಂತಿ ಆಫೀಸಿಗೆ ಹೋಗಿ ಬರೆದೆ, ಹೊರಡಬೇಡ, ನನ್ನದು ತಪ್ಪು, ಅಂತ. ಆ ಗುಮಾಸ್ತ ಪದಗಳನ್ನು ಜೋರಾಗಿ ಓದಿ ಎಣಿಸುತ್ತಾನೆ, ಅದು ಅವನ ಅಭ್ಯಾಸ. ನನ್ನ ಹೆಚ್ಚುಗಾರಿಕೆಯನ್ನು ಬೀದಿಗೆಲ್ಲ ಸಾರಿದವನೂ ಅವನೇ. ಅವನ ಬಾಯಿಂದ ಅದನ್ನು ಕೇಳಲಾರದೆ ಚೀಟಿ ಹರಿದು ಜೇಬಿಗೆ ಹಾಕಿಕೊಂಡೆ. ಅದರ ಮಾರನೆಯ ದಿನ ಬರೆದದ್ದೇ ಮೊಣಕಾಲು ಮತ್ತು ಚಪ್ಪಡಿಯ ಕಾಗದ. ಮೇ ತಿಂಗಳಲ್ಲಿ ನಿನ್ನ ಕಾರ್ಡು ಬಂದಾಗ ನೀನು ಉಳಿದೆಯಲ್ಲ ಅಂತ ಖುಷಿಪಟ್ಟದ್ದಕ್ಕಿಂತ, ನಾನು ಸಿಕ್ಕಿಬೀಳಲಿಲ್ಲವಲ್ಲ ಅಂತ ಖುಷಿಪಟ್ಟದ್ದೇ ಹೆಚ್ಚು. ಅರವತ್ತೇಳು ವರ್ಷದವನು ಇದನ್ನು ಬರೆಯಬೇಕಾಗಿ ಬಂದಿದೆ.

ಮಾವ


ಸೆಪ್ಟೆಂಬರ್ 19

ಮಾವ,

ನಿಮ್ಮ ಕಾಗದವನ್ನು ಐದು ದಿನ ಮತ್ತೆ ತೆರೆಯಲಿಲ್ಲ. ಇನ್ನೂ ಸಿಟ್ಟಿದೆ, ಇಲ್ಲ ಅಂತ ಸುಳ್ಳು ಬರೆಯುವುದಿಲ್ಲ. ಒಂದು ತಂತಿ ಬಂದಿದ್ದರೆ, ಮನೆಯಿಂದ ಸುದ್ದಿ ಬಂತು, ಅಮ್ಮ ಚೇತರಿಸಿಕೊಂಡಳು ಅನ್ನಲು ನನಗೊಂದು ನೆವವಾದರೂ ಸಿಗುತ್ತಿತ್ತು.

ಮೇಸ್ತ್ರಿಯ ಉತ್ತರ ಬಂದಿದೆ. ಕ್ರೇನ್ ನಡೆಸುವವಳಿಗೆ ಇನ್ನೊಬ್ಬರು ಕಾಲು ಮಾಡಿದರಂತೆ, ಹನ್ನೆರಡು ಮೆಟ್ಟಿಲಿನ ಮೇಲೆ ಹತ್ತಲಾಗುತ್ತಿಲ್ಲವಂತೆ. ಜನವರಿ ತಂಡದಲ್ಲಿ ನನಗೆ ಒಂದು ಜಾಗಕ್ಕೆ ಕೇಳಬಹುದು ಅಂದಿದ್ದಾರೆ, ಮೊದಲಿನಿಂದ ಹದಿನೆಂಟು ತಿಂಗಳು. ಹೊಸ ವೀಸಾದ ಅರ್ಜಿಯಲ್ಲಿ, ಹಿಂದಿನ ಕಾರ್ಯಕ್ರಮವನ್ನು ಅರ್ಧಕ್ಕೆ ಬಿಟ್ಟ ಕಾರಣ ಅನ್ನುವ ಜಾಗವಿದೆ. ಅಲ್ಲಿ ನಿಜ ಇರಬೇಕು, ಸಲಹೆ ಕೊಟ್ಟವರ ಹೇಳಿಕೆ ಇರಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಅಕ್ಟೋಬರ್ ಐದರೊಳಗೆ ಕೊಡಬೇಕು. ಕೊಟ್ಟರೂ ವೀಸಾ ಸಿಗುತ್ತದೆ ಅಂತ ಯಾರೂ ಭರವಸೆ ಕೊಡುವುದಿಲ್ಲ.

ನಿಮ್ಮ ಕೈಬರಹದಲ್ಲೇ ಬೇಕು. ಪೂರ್ತಿ ಬೇಕು. ಅಮ್ಮನಿಗೆ ನೀವೇ ಹೇಳಿ, ನನ್ನಿಂದ ಆಗುವುದಿಲ್ಲ.

ಅಳಿಲು


ಸೆಪ್ಟೆಂಬರ್ 26

ಅಳಿಲೇ,

ಹೇಳಿಕೆ ಬರೆದು ಮುಗಿಸಿದ್ದೇನೆ, ಒಂದೂವರೆ ಪುಟ. ಮೂರು ಸಲ ಬರೆದು ಹರಿದೆ. ಆ ಮೂರರಲ್ಲೂ 'ತಿಳಿವಳಿಕೆಯ ಕೊರತೆಯಿಂದ' ಅಂತ ಇತ್ತು, ಕೈ ತಾನಾಗಿಯೇ ಹಾಗೆ ಬರೆಯುತ್ತಿತ್ತು. ಏಪ್ರಿಲ್ ಒಂಬತ್ತರವರೆಗೆ ಆ ಮಾತು ಸರಿ. ಅಲ್ಲಿಂದ ಮುಂದಿನ ಹದಿನೈದು ದಿನಕ್ಕೆ, ಮಾನಕ್ಕೆ ಅಂಜಿ ತಿಳಿದೂ ತಿಳಿಸಲಿಲ್ಲ ಅಂತ ಬರೆದಿದ್ದೇನೆ.

ಒಂದನೇ ಸಾಕ್ಷಿ ತಂತಿ ಗುಮಾಸ್ತ. ಓದದೆಯೇ ಸಹಿ ಹಾಕಲು ಹೊರಟ, ನಾನು ಬಿಡಲಿಲ್ಲ. ಕೌಂಟರಿನ ಮುಂದೆ ನಾಲ್ಕು ಜನ ನಿಂತಿರುವಾಗ ಜೋರಾಗಿ ಓದಿಸಿದೆ. ಮುಗಿದಮೇಲೆ ಅವನೂ ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ.

ಎರಡನೇ ಸಾಕ್ಷಿ ನಿಮ್ಮಮ್ಮ. ಅಂಗಡಿಗೆ ಹೋದೆ. ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ನಿಂತಲ್ಲೇ ಪೂರ್ತಿ ಓದಿದಳು. ಎಷ್ಟು ತಿಂಗಳಿಂದ ಇಲ್ಲೇ ಇದ್ದಾಳೆ ಅಂತ ಕೇಳಿದಳು, ಐದು ಅಂದೆ. ಹೇಳಿಕೆಯನ್ನು ಯಂತ್ರದ ಪಕ್ಕಕ್ಕಿಟ್ಟು, "ನನ್ನ ಸಾಯೋ ಹಾಗೆ ಮಲಗಿಸಿದ್ದು ಸಾಲದು ಅಂತ ಸಾಕ್ಷಿ ಹಾಕೋಕೂ ನಾನೇ ಬೇಕಾಯ್ತಾ?" ಅಂದಳು. ನಾನು ನಗು ಬರಬಹುದೇನೋ ಅಂತ ನೋಡಿದೆ, ಬರಲಿಲ್ಲ. ಸಹಿ ಹಾಕಿದಳು. ಕಾಗದ ಮಡಿಸಿ ಕೊಡುವಾಗ ಹೇಳಿದಳು, "ಅಣ್ಣಾ, ಅವಳು ಹೆದರಿದ್ದು ಆ ದೇಶದ ಪೊಲೀಸರಿಗಲ್ಲ. ನಿಂಗೆ."

ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಮೂರನೇ ಮಹಡಿಯ ಬಾಗಿಲವರೆಗೆ ಹೋಗಿ ನೀನು ವಾಪಸು ಬಂದೆಯಲ್ಲ, ಆ ಕಾಗದ ಹುಡುಕಿ ಮತ್ತೆ ಓದಿದೆ. ಆಗ ನನಗೆ ಅದರಲ್ಲಿ ನಿನ್ನ ಉಪಾಯ ಮಾತ್ರ ಕಂಡಿತ್ತು, ನೀನು ಬೇಡಿಕೊಂಡದ್ದು ಕಂಡಿರಲಿಲ್ಲ. ನಿಮ್ಮಮ್ಮನ ಮಾತನ್ನೂ ಹೇಳಿಕೆಯ ಕೊನೆಗೆ ಸೇರಿಸಿ, ಅದರ ಕೆಳಗೆ ಮತ್ತೊಮ್ಮೆ ಮೂವರೂ ಸಹಿ ಹಾಕಿದ್ದೇವೆ.

ಹೇಳಿಕೆಯನ್ನು ಅಂಚೆಗೆ ಹಾಕುತ್ತಿಲ್ಲ. ಶುಕ್ರವಾರ ಬೆಳಗಿನ ಬಸ್ಸಿಗೆ ನಿಮ್ಮಮ್ಮನೇ ತೆಗೆದುಕೊಂಡು ಬರುತ್ತಿದ್ದಾಳೆ, ಕೋಣೆಯಲ್ಲೇ ಇರು. ನಾನೂ ಬರಲೆಂದು ಚೀಲ ತೆಗೆದಿಟ್ಟುಕೊಂಡಿದ್ದೆ. ನಿಮ್ಮಮ್ಮ, ಬೇಡ, ಅವಳು ಕರೆದಾಗ ಬರುವೆಯಂತೆ ಅಂದಳು. ಚೀಲ ಒಳಗಿಟ್ಟಿದ್ದೇನೆ.

ಮಾವ